ಓಡಿಸಿ ನೋಡಲಾಗದ ತಿಂಗಳಲ್ಲಿ ಬೋಟಿನ ವ್ಯಾಪಾರ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಯಾಂತ್ರಿಕ ಬೋಟುಗಳು ಮೀನಿಗೆಂದು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರು, ಮಂಗಳೂರಿನ ದಕ್ಕೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಬೈತಖೋಲ, ಎಲ್ಲೆಡೆ ಬೋಟುಗಳು ಒಂದರ ಮಗ್ಗುಲಿಗೆ ಒಂದು ಹಗ್ಗ ಬಿಗಿದುಕೊಂಡು ನಿಲ್ಲುತ್ತವೆ. ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ರೈಲು ಹತ್ತುತ್ತಾರೆ. ಬಲೆ ದುರಸ್ತಿ, ವೆಲ್ಡಿಂಗು, ಎಂಜಿನ್ ಬಿಚ್ಚುವ ಕೆಲಸ ಶುರುವಾಗುತ್ತದೆ. ಇದೇ ಬಿಡುವಿನಲ್ಲಿ ಇನ್ನೊಂದು ವ್ಯವಹಾರಕ್ಕೂ ಕಾವು ಬರುತ್ತದೆ: ಹಳೇ ಬೋಟುಗಳ ಮಾರಾಟ.

ಮಾರುವವರಿಗೆ ಸಾಲ ತೀರಬೇಕು, ಇಲ್ಲವೇ ಇನ್ನೂ ದೊಡ್ಡ ಬೋಟು ಬೇಕು. ಕೊಳ್ಳುವವರಿಗೆ ಆಗಸ್ಟ್ 1ಕ್ಕೆ ಸ್ವಂತ ಬೋಟಿನಲ್ಲಿ ಹೊರಡಬೇಕು. ನಡುವೆ ದಲ್ಲಾಳಿ ಓಡಾಡುತ್ತಾನೆ.

ದೊಡವಾಡ, ಬೈಲಹೊಂಗಲ, ಕಿತ್ತೂರು ಕಡೆಯ ಓದುಗರಿಗೆ ಈ ವ್ಯಾಪಾರ ದೂರದ್ದು. ಇಲ್ಲಿ ನೀರೆಂದರೆ ಮಲಪ್ರಭೆ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಹರಡಿಕೊಂಡ ರೇಣುಕಾಸಾಗರ. ಆ ನೀರಿನಲ್ಲಿ ಮೀನು ಹಿಡಿಯುವವರ ತೆಪ್ಪ ಕೈ ಬದಲಾಗುವುದಕ್ಕೆ ದೊಡ್ಡ ಕಾಗದಪತ್ರವೇನೂ ಬೇಕಿಲ್ಲ. ಆದರೆ ಎತ್ತು ಕೊಳ್ಳುವುದು ಹೇಗೆಂದು ಈ ಸೀಮೆಗೆ ಹೇಳಿಕೊಡಬೇಕಾಗಿಲ್ಲ. ಹಲ್ಲು ನೋಡಿ, ಗೊರಸು ನೋಡಿ, ಹೆಗಲು ಮುಟ್ಟಿ, ಕೊನೆಗೆ ನೊಗಕ್ಕೆ ಹೂಡಿ ನಾಲ್ಕು ಸಾಲು ನಡೆಸಿದ ಮೇಲೆಯೇ ರೈತ ಬೆಲೆಯ ಮಾತಿಗೆ ಬರುತ್ತಾನೆ. ಬೋಟಿಗೂ ಇದೇ ಕ್ರಮ ಬೇಕು. ಮಳೆಗಾಲದ ವ್ಯಾಪಾರದಲ್ಲಿ ತಪ್ಪಿಹೋಗುವುದು ಆ ಕೊನೆಯ ಹೆಜ್ಜೆ. ಹಲ್ಲು, ಗೊರಸು ನೋಡಬಹುದು. ನೊಗಕ್ಕೆ ಹೂಡಲು ಕಾನೂನೂ ಬಿಡುವುದಿಲ್ಲ, ಕಡಲೂ ಬಿಡುವುದಿಲ್ಲ.

ದಡಕ್ಕೆ ಕಟ್ಟಿದ ಬೋಟಿನ ಎಂಜಿನ್ನನ್ನು ಚಾಲೂ ಮಾಡಿ ತೋರಿಸುವುದು ಸುಲಭ. ಹೊರೆ ಇಲ್ಲದೆ ಓಡುವ ಎಂಜಿನ್ ಯಾವ ರೋಗವನ್ನೂ ಬಾಯಿ ಬಿಡುವುದಿಲ್ಲ. ಟ್ರಾಲ್ ಬಲೆಯನ್ನು ಗಂಟೆಗಟ್ಟಲೆ ಎಳೆಯುವಾಗ ಅದು ಎಷ್ಟು ಕಾಯುತ್ತದೆ, ಗೇರ್ ಬಾಕ್ಸ್ ಜಾರುತ್ತದೆಯೇ, ಶಾಫ್ಟು ನಡುಗುತ್ತದೆಯೇ, ವಿಂಚು ತುಂಬಿದ ಬಲೆಯನ್ನು ಮೇಲೆತ್ತುತ್ತದೆಯೇ ಎಂಬುದೆಲ್ಲ ಗೊತ್ತಾಗುವುದು ಹೊರಗೆ, ಆಳದಲ್ಲಿ. ಮಲ್ಪೆಯ ಆಳಸಮುದ್ರ ಬೋಟು ಒಮ್ಮೆ ಹೊರಟರೆ ಹತ್ತು ದಿನದ ಆಚೆಗೆ ಮರಳುತ್ತದೆ. ಹತ್ತು ದಿನ ಹಗಲಿರುಳು ದುಡಿಯುವ ಯಂತ್ರವನ್ನು ಹತ್ತು ನಿಮಿಷ ಸದ್ದು ಕೇಳಿ ಕೊಳ್ಳುವುದು ದೊಡ್ಡ ಧೈರ್ಯ.

ಅದಕ್ಕೇ ಮೇ ತಿಂಗಳಲ್ಲೇ ಮಾತು ಶುರು ಮಾಡುವುದು ಲೇಸು. ಋತುವಿನ ಕೊನೆಯ ಟ್ರಿಪ್ಪಿಗೆ ಕೊಳ್ಳುವವರ ಕಡೆಯ ಒಬ್ಬ ತಂಡೇಲನೋ (ಬೋಟಿನ ನಾಯಕ) ಡ್ರೈವರನೋ ಜೊತೆಗೆ ಹೋಗಿ ಬಂದರೆ, ಜೂನ್‌ನಲ್ಲಿ ಚೌಕಾಶಿ ಮಾಡಲು ಕೈಯಲ್ಲಿ ಏನಾದರೂ ಇರುತ್ತದೆ. ಮಾರುವವರಿಗೂ ಇದರಿಂದ ಲಾಭವೇ. ದುಡಿಯುತ್ತಿರುವ ಬೋಟಿಗೂ ದಡದಲ್ಲಿ ಮಳೆ ನೆನೆಯುತ್ತಿರುವ ಬೋಟಿಗೂ ಕೊಳ್ಳುವವರ ಮನಸ್ಸಿನಲ್ಲಿ ಬೆಲೆ ಬೇರೆ.

ಅಮೆರಿಕ, ಬ್ರಿಟನ್‌ಗಳಲ್ಲಿ ಹಳೇ ಮೀನುಗಾರಿಕಾ ಬೋಟೋ ವಿಹಾರದ ಬೋಟೋ ಮಾರಾಟವಾಗುವಾಗ ಈ ಕ್ರಮ ಪದ್ಧತಿಯಾಗಿ ಬೇರೂರಿದೆ. ಕೊಳ್ಳುವವರು ಮುಂಗಡ ಇಟ್ಟು ಒಪ್ಪಂದ ಮಾಡಿಕೊಳ್ಳುತ್ತಾರೆ. ಆದರೆ ಆ ಒಪ್ಪಂದಕ್ಕೆ ತಪಾಸಣೆಯ ಷರತ್ತು ಇರುತ್ತದೆ. ಕೊಳ್ಳುವವರ ಖರ್ಚಿನಲ್ಲೇ ಸ್ವತಂತ್ರ ಸರ್ವೇಯರ್ ಒಬ್ಬರು ಬೋಟನ್ನು ನೀರಿನಿಂದ ಎತ್ತಿಸಿ ತಳ ನೋಡುತ್ತಾರೆ, ಆಮೇಲೆ ಕಡಲಲ್ಲಿ ಓಡಿಸಿ ನೋಡುತ್ತಾರೆ. ದೋಷ ಕಂಡರೆ ಬೆಲೆ ಇಳಿಯುತ್ತದೆ, ಇಲ್ಲವೇ ಮುಂಗಡ ವಾಪಸು. ನಮ್ಮ ಕರಾವಳಿಯಲ್ಲಿ ಆ ಸರ್ವೇಯರನ ಜಾಗದಲ್ಲಿ ನಿಂತಿರುವುದು ಪರಿಚಯದ ಬಡಗಿ, ವೆಲ್ಡರ್ ಮತ್ತು ಮೆಕ್ಯಾನಿಕ್. ಅವರ ಕಣ್ಣು ಕಿವಿ ಅನೇಕ ಸಲ ಯಾವ ಉಪಕರಣಕ್ಕೂ ಕಡಿಮೆಯಿಲ್ಲ. ತೊಂದರೆ ಏನೆಂದರೆ, ಅವರು ಕಂಡದ್ದು ಕಾಗದಕ್ಕೆ ಇಳಿಯುವುದಿಲ್ಲ.

ಹಾಗಾದರೆ ಕಾಣಬೇಕಾದ್ದೇನು?

ಮರದ ಬೋಟುಗಳು ಇನ್ನೂ ಇವೆ. ಹೆಬ್ಬಲಸು, ಕಿರಾಲಬೋಗಿ, ಸಾಗುವಾನಿ ಇವು ಪಶ್ಚಿಮ ಕರಾವಳಿಯ ಬೋಟು ಕಟ್ಟುವವರು ನಂಬಿಕೊಂಡು ಬಂದ ಮರಗಳು. ಹಲಗೆಗಳ ಸಂದಿಗೆ ಹತ್ತಿ ತುರುಕಿ ನೀರು ಒಸರದಂತೆ ಮಾಡುತ್ತಾರೆ. ಬೈಲಹೊಂಗಲದ ಕರಿಮಣ್ಣಿನ ರೈತರು ಬೆಳೆಯುವ ಬೆಳೆಗೆ ಕಡಲಿನಲ್ಲಿ ಇಂಥದೊಂದು ಕೆಲಸವಿದೆ. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುವುದು ಹಳೆಯ ರೂಢಿ. ಸುತ್ತಿಗೆಯಿಂದ ಹಲಗೆಗೆ ಮೆಲ್ಲಗೆ ಬಡಿದರೆ ಗಟ್ಟಿ ಮರ ಠಣ್ಣೆನ್ನುತ್ತದೆ, ಕೊಳೆತ ಮರ ಮಂಕಾಗಿ ಮಾತಾಡುತ್ತದೆ. ಚೂರಿಯ ತುದಿ ಸಲೀಸಾಗಿ ಇಳಿಯಿತೆಂದರೆ ಮುಂದೆ ಕೇಳುವುದೇ ಬೇಡ.

ಇಲ್ಲೊಂದು ವಿಚಿತ್ರವಿದೆ. ಕಡಲ ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುಗಳ ಕಾಟ ಹೌದು, ಆದರೆ ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಬೇಕಾದ್ದು ಸಿಹಿನೀರು. ಮಳೆಗಾಲದಲ್ಲಿ ಸುಮ್ಮನೆ ನಿಂತ ಬೋಟಿನ ಡೆಕ್ಕಿನ ಬಿರುಕುಗಳಲ್ಲಿ, ವೀಲ್‌ಹೌಸಿನ ಬುಡದಲ್ಲಿ ಇಳಿಯುವ ಮಳೆನೀರೇ ಮೇಲಿನಿಂದ ಮರ ತಿನ್ನತೊಡಗುತ್ತದೆ. ಕೊಳ್ಳಲು ಬಂದವರು ತಳವನ್ನೇ ನೋಡುತ್ತ ಮೇಲ್ಭಾಗ ಮರೆಯುವುದುಂಟು. ಮರದ ಮೇಲೆ ಫೈಬರ್ ಹೊದಿಸಿದ್ದರೆ ಇನ್ನೂ ಎಚ್ಚರ ಬೇಕು. ಹೊದಿಕೆ ಹೊರಗಿನ ನೀರನ್ನು ತಡೆಯುತ್ತದೆ. ಒಳಗಿನಿಂದ ಸೇರಿದ ತೇವವನ್ನು ಹೊರಗೂ ಬಿಡುವುದಿಲ್ಲ. ಹೊಳೆಯುವ ಫೈಬರಿನ ಹಿಂದೆ ಮರ ಹಿಟ್ಟಾಗಿರಬಹುದು.

ಈಗಿನ ಆಳಸಮುದ್ರ ಬೋಟುಗಳಲ್ಲಿ ಹೆಚ್ಚಿನವು ಉಕ್ಕಿನವು. ಉಕ್ಕಿನ ತಗಡು ಎಷ್ಟು ಸವೆದಿದೆಯೆಂದು ಅಲ್ಟ್ರಾಸಾನಿಕ್ ಮಾಪಕ ಇಟ್ಟು ಹೊರಗಿನಿಂದಲೇ ಅಳೆಯಬಹುದು. ಹೊಸದಾಗಿ ಬಳಿದ ಬಣ್ಣ ಈ ಯಂತ್ರದ ಮುಂದೆ ಏನನ್ನೂ ಮುಚ್ಚಿಡಲಾರದು. ಹೆಚ್ಚು ಸವೆಯುವ ಜಾಗ ಮೀನಿನ ಕೋಣೆಯ ಕೆಳಗಡೆ. ಕರಗಿದ ಐಸು, ಮೀನಿನ ಲೋಳೆ, ಉಪ್ಪುನೀರು ಬೆರೆತು ಶಾಖ ತಡೆಯುವ ಫೋಮಿನ ಹಿಂದೆ ನಿಲ್ಲುತ್ತದೆ. ಅಲ್ಲಿನ ತಗಡನ್ನು ಯಾರ ಕಣ್ಣಿಗೂ ಬೀಳದೆ ತುಕ್ಕು ತಿನ್ನುತ್ತದೆ. ಎಂಜಿನ್ನಿನ ಅಡಿಯಲ್ಲಿ ಡೀಸೆಲ್ ಬೆರೆತ ನೀರು ನಿಲ್ಲುವ ಜಾಗವೂ ಹಾಗೆಯೇ. ತಳಕ್ಕೆ ಬಿಗಿದ ಜಿಂಕ್ ತುಂಡುಗಳು ಉಕ್ಕಿನ ಬದಲಿಗೆ ತಾವು ಕರಗುವುದಕ್ಕೆಂದೇ ಇರುವಂಥವು. ಅವು ವರ್ಷಗಳ ನಂತರವೂ ಹೊಸದರಂತೆ ಇದ್ದರೆ ಕೆಲಸ ಮಾಡಿಲ್ಲವೆಂದೇ ಅರ್ಥ.

ಎಂಜಿನ್ ವಿಷಯದಲ್ಲಿ ಒಂದೇ ಮಾತು: ತಣ್ಣಗಿದ್ದಾಗ ಚಾಲೂ ಮಾಡಿಸಬೇಕು. ಗಿರಾಕಿ ಬರುವ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಮೊದಲ ಹೊಡೆತಕ್ಕೇ ಹೊತ್ತಿಕೊಳ್ಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು ಇಲ್ಲವೇ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಹೊರೆಯಲ್ಲಿ ಕಪ್ಪು ಹೊಗೆ ಕಾರಿದರೆ ಗಾಳಿ ಸಾಲದು ಅಥವಾ ಫ್ಯಾನು (ಪ್ರೊಪೆಲ್ಲರ್) ಎಂಜಿನ್ನಿಗೆ ಹೊಂದುವಂಥದ್ದಲ್ಲ. ಆಯಿಲ್ ಬದಲಿಸಿದ, ಇಂಜೆಕ್ಟರ್ ರಿಪೇರಿ ಮಾಡಿಸಿದ ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಂಡ ಮಾಲೀಕರಿಗೆ ಮಾರುವ ದಿನ ಅವೇ ದುಡ್ಡು ತರುತ್ತವೆ.

ಬಲೆ, ಬೋರ್ಡು, ವಿಂಚಿನ ರೋಪು, ಫಿಶ್ ಫೈಂಡರ್, ವೈರ್‌ಲೆಸ್, ಲೈಫ್ ಜಾಕೆಟ್ ಬೆಲೆಯಲ್ಲಿ ಸೇರಿವೆಯೇ ಎಂದು ಮೊದಲೇ ಬರೆದುಕೊಳ್ಳದಿದ್ದರೆ ಜಗಳ ಕಟ್ಟಿಟ್ಟದ್ದು. ಇದಕ್ಕಿಂತ ಸೂಕ್ಷ್ಮವಾದದ್ದು ಜಿಪಿಎಸ್ ಯಂತ್ರದೊಳಗಿನ ಪಾಯಿಂಟುಗಳು. ಯಾವ ಆಳದಲ್ಲಿ ಯಾವ ತಿಂಗಳು ರಾಣಿಮೀನು ಸಿಕ್ಕಿತು, ಬೊಂಡಾಸ್ ಎಲ್ಲಿ ಬಿತ್ತು, ಬಲೆ ಹರಿಯುವ ಕಲ್ಲು ಎಲ್ಲಿದೆ ಎಂದು ತಂಡೇಲ ವರ್ಷಗಟ್ಟಲೆ ಗುರುತಿಸಿಟ್ಟ ಜಾಗಗಳು ಅವು. ಮಾರುವ ಮುನ್ನ ಕೆಲವರು ಅವನ್ನು ಅಳಿಸುತ್ತಾರೆ, ಕೆಲವರು ಬಿಟ್ಟುಕೊಡುತ್ತಾರೆ. ಮೀನಿನ ಪಾಯಿಂಟು ದುಡಿದವರ ಸ್ವತ್ತು, ಅಳಿಸಿದರೆ ಆಕ್ಷೇಪವಿಲ್ಲ. ಕಲ್ಲಿನ ಮತ್ತು ಮುಳುಗಿದ ಹಡಗುಗಳ ಪಾಯಿಂಟುಗಳನ್ನಾದರೂ ಉಳಿಸಿಕೊಡಬೇಕು. ಅದು ಮುಂದೆ ಆ ಬೋಟಿನಲ್ಲಿ ಹೋಗುವವರ ಜೀವದ ಮಾತು.

ಇನ್ನು ಕಾಗದ. ಬೋಟಿನ ಮಗ್ಗುಲಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿರುವ ಐಎನ್‌ಡಿ–ಕೆಎ ಎಂದು ಶುರುವಾಗುವ ಸಂಖ್ಯೆಗೆ ಒಂದು ಕಹಿ ಹಿನ್ನೆಲೆಯಿದೆ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ನಡುಗಡಲಲ್ಲಿ ಅಪಹರಿಸಿಕೊಂಡು. ಅದರ ನಂತರ ದೇಶದ ಎಲ್ಲ ಮೀನುಗಾರಿಕಾ ಬೋಟುಗಳಿಗೆ ಏಕರೂಪದ ನೋಂದಣಿ, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂದವು. 1958ರ ವಾಣಿಜ್ಯ ಹಡಗು ಕಾಯ್ದೆಯ ಅಡಿ ನಡೆದ ಈ ನೋಂದಣಿಯ ವಿವರ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಇದರ ಜೊತೆಗೆ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಪ್ರಕಾರ ಮೀನು ಹಿಡಿಯುವ ಪರವಾನಗಿ ಬೇರೆ. ಮಾರಾಟವಾದ ಬೋಟಿಗೆ ಎರಡೂ ಹೊಸ ಮಾಲೀಕರ ಹೆಸರಿಗೆ ಆಗಬೇಕು. ಬ್ಯಾಂಕ್ ಸಾಲವಿದ್ದರೆ ಅಡಮಾನ ತೀರಿಸಿದ ಪತ್ರ, ಹೊರ ರಾಜ್ಯದ ಬೋಟಾದರೆ ಅಲ್ಲಿನ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು.

ಈ ಕಾಗದಕ್ಕೆ ನೇರವಾಗಿ ಅಂಟಿಕೊಂಡಿರುವುದು ಡೀಸೆಲ್. ಯಾಂತ್ರಿಕ ಬೋಟುಗಳಿಗೆ ರಾಜ್ಯ ಸರ್ಕಾರ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಕೊಡುತ್ತದೆ. 2023–24ರ ಬಜೆಟ್ಟಿನಲ್ಲಿ ಅದರ ವಾರ್ಷಿಕ ಮಿತಿಯನ್ನು 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಲಾಯಿತು. ಒಂದು ಟ್ರಿಪ್ಪಿನ ಖರ್ಚಿನಲ್ಲಿ ಸಿಂಹಪಾಲು ಡೀಸೆಲಿನದೇ. ನೋಂದಣಿ, ಪರವಾನಗಿ ಸರಿಯಿಲ್ಲದ ಬೋಟು ಈ ರಿಯಾಯಿತಿಯನ್ನು ಕಳೆದುಕೊಂಡರೆ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ದುಡಿದು ಉಳಿಸುವುದು ಕಷ್ಟ. ಬೋಟಿನ ಬೆಲೆಯಲ್ಲಿ ಉಕ್ಕು ಮತ್ತು ಎಂಜಿನ್ನಿನ ಪಾಲಿನಷ್ಟೇ ಈ ಹಕ್ಕಿನ ಪಾಲೂ ಇದೆ ಎಂಬುದನ್ನು ದಕ್ಕೆಯಲ್ಲಿ ಯಾರನ್ನು ಕೇಳಿದರೂ ಒಪ್ಪುತ್ತಾರೆ.

ಆದರೂ ಅರ್ಧ ಹಣ ಕೊಟ್ಟು, ಕರಾರು ಪತ್ರ ಬರೆದುಕೊಂಡು, ಉಳಿದದ್ದು ದುಡಿದು ಕೊಡುತ್ತೇನೆಂದು ಹಳೇ ಹೆಸರಿನಲ್ಲೇ ಬೋಟು ಇಳಿಸುವುದುಂಟು. ನಂಬಿಕೆಯ ಮೇಲೆ ನಡೆಯುವ ಊರಿನಲ್ಲಿ ಇದು ಸಹಜವೆನಿಸಬಹುದು. ಅಪಾಯ ಮಾತ್ರ ಇಬ್ಬರಿಗೂ ಇದೆ. ಬೋಟು ಅಪಘಾತಕ್ಕೆ ಸಿಕ್ಕರೆ, ನಿಷೇಧಿತ ಮೀನುಗಾರಿಕೆಯಲ್ಲಿ ಹಿಡಿಯಲ್ಪಟ್ಟರೆ, ನೋಟಿಸು ಹೋಗುವುದು ದಾಖಲೆಯಲ್ಲಿರುವ ಹಳೇ ಮಾಲೀಕರ ಮನೆಗೆ. ವಿಮೆಯ ಹಣ ಬರಬೇಕಾದಾಗ ಪರದಾಡುವುದು ಹೊಸ ಮಾಲೀಕರ ಮನೆ.

ಕಡಲಿನಲ್ಲಿ ಆಗಬಾರದ್ದು ಆಗುವುದಿಲ್ಲ ಎಂದು ಹೇಳುವಂತಿಲ್ಲ. 2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಮಹಾರಾಷ್ಟ್ರದ ಕಡಲಿನಲ್ಲಿ ಕಣ್ಮರೆಯಾಯಿತು. ತಿಂಗಳುಗಟ್ಟಲೆ ಹುಡುಕಾಟದ ನಂತರ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಏಳು ಮನೆಗಳು ಅಷ್ಟು ದಿನ ಏನೂ ತಿಳಿಯದೆ ಕಾದವು. ಬೋಟು ಎಲ್ಲಿದೆ, ಯಾರದು, ಅದರಲ್ಲಿ ಯಾರಿದ್ದಾರೆ ಎಂಬ ಮಾಹಿತಿಯ ಬೆಲೆ ಇಂಥ ಹೊತ್ತಿನಲ್ಲಿ ಅರಿವಾಗುತ್ತದೆ. 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಚಾಲನೆ ಪಡೆದ ಯೋಜನೆಯಲ್ಲಿ ದೇಶದ 1 ಲಕ್ಷ ಬೋಟುಗಳಿಗೆ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ಅಳವಡಿಸುವ ಗುರಿಯಿದೆ. ಬೋಟು ಮಾರಿದಾಗ ಟ್ರಾನ್ಸ್‌ಪಾಂಡರಿನ ದಾಖಲೆಯಲ್ಲಿ ಹಳಬರ ಹೆಸರು, ಹಳಬರ ಫೋನ್ ನಂಬರ್ ಉಳಿದುಬಿಟ್ಟರೆ, ಕಡಲಿನಿಂದ ಕೂಗು ಬಂದಾಗ ಯಾರ ಮನೆಯ ಫೋನು ರಿಂಗಾಗುತ್ತದೆ? ಹೆಸರು ಬದಲಿಸುವ ಕೆಲಸವನ್ನು ಕಚೇರಿಯ ಕಾಟವೆಂದು ಮುಂದೂಡುವವರು ಇದನ್ನೊಮ್ಮೆ ಯೋಚಿಸಬೇಕು.

ಬೋಟಿನ ಬೆಲೆ ಏರಿಳಿಯುವುದು ಮೀನನ್ನು ನೋಡಿಕೊಂಡು. ಭೂತಾಯಿ ಮೀನಿನದೇ ಕಥೆ ತೆಗೆದುಕೊಂಡರೆ, ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಅದು 2021ರಲ್ಲಿ 3,297 ಟನ್ನಿಗೆ ಕುಸಿಯಿತೆಂದು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಭೂತಾಯಿ, ಬಂಗುಡೆಯ ಹಿಂಡುಗಳನ್ನೇ ನಂಬಿದ ಪರ್ಸೀನ್ ಬೋಟುಗಳಿಗೆ ಇಂಥ ವರ್ಷಗಳಲ್ಲಿ ಗಿರಾಕಿ ಸಿಗುವುದು ಕಷ್ಟ. ಅರ್ಧ ಶತಮಾನದ ಹಿಂದೆ ಇದೇ ಪರ್ಸೀನ್ ಬಲೆ ಕರಾವಳಿಗೆ ಕಾಲಿಟ್ಟಾಗ ದಡದಿಂದ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದ್ದವು. ಸರ್ಕಾರದ ಆಜ್ಞೆಯೂ ಬೆಲೆಯನ್ನು ರಾತ್ರೋರಾತ್ರಿ ಬದಲಿಸಬಲ್ಲದು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಎಲ್‌ಇಡಿ ಬೆಳಕು ಹಾಕಿ ಮೀನು ಸೆಳೆಯುವುದನ್ನೂ ನಿಷೇಧಿಸಿತು. ಬೆಳಕಿಗಾಗಿಯೇ ದೊಡ್ಡ ಜನರೇಟರ್ ಕೂರಿಸಿದ ಬೋಟನ್ನು ‘ಎಲ್ಲ ಸೌಲಭ್ಯ ಇದೆ’ ಎಂದು ತೋರಿಸಿದರೆ, ಆ ಸೌಲಭ್ಯಕ್ಕೆ ಕೊಟ್ಟ ದುಡ್ಡು ದಂಡಕ್ಕೆ ದಾರಿ.

ಮೀನುಗಾರಿಕೆ ಬಿಟ್ಟು ಪ್ರವಾಸಿಗರನ್ನು ಕರೆದೊಯ್ಯಲು ಬೋಟು ಮಾರಬಹುದಲ್ಲ ಎಂಬ ಯೋಚನೆಯೂ ಬರುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರ ಸಾಲು ಕಂಡವರಿಗೆ ಅದು ಸುಲಭವೆನಿಸೀತು. ಕೇರಳದಲ್ಲಿ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಗಳು ಹೌಸ್‌ಬೋಟುಗಳಾಗಿ ಎರಡನೇ ಬಾಳು ಕಂಡದ್ದೂ ನಿಜ. ಆದರೆ ಟ್ರಾಲ್ ಬೋಟಿನ ಸಮತೋಲ ತಳದ ಮೀನಿನ ಕೋಣೆಯಲ್ಲಿ ಐಸು, ಮೀನು ತುಂಬಿದಾಗಿನ ಲೆಕ್ಕದ್ದು. ಕೋಣೆ ಖಾಲಿ ಬಿಟ್ಟು ಮೇಲೆ ಕುರ್ಚಿ, ಚಾವಣಿ, ಜನ ಸೇರಿಸಿದರೆ ಭಾರವೆಲ್ಲ ಮೇಲೇರುತ್ತದೆ. ಪ್ರಯಾಣಿಕರ ಬೋಟಿಗೆ ತಪಾಸಣೆಯೂ ಪರವಾನಗಿಯೂ ಬೇರೆಯೇ ಇರುವುದು ಇದಕ್ಕಾಗಿ. ಆ ದಾರಿಯನ್ನು ಅಡ್ಡದಾರಿಯಿಂದ ಯಾರೂ ಹಿಡಿಯಬಾರದು.

ಹೆಚ್ಚಿನ ಹಳೇ ಬೋಟುಗಳ ದಾರಿ ಇನ್ನೊಂದು. ದೊಡ್ಡ ಮಾಲೀಕರಿಂದ ಸಣ್ಣ ಮಾಲೀಕರಿಗೆ, ಅಲ್ಲಿಂದ ನಾಲ್ಕೈದು ಜನ ಪಾಲುದಾರರಿಗೆ, ಒಂದು ಬಂದರಿನಿಂದ ಇನ್ನೊಂದು ಬಂದರಿಗೆ. ಪ್ರತಿ ಸಲ ಕೈ ಬದಲಾದಾಗಲೂ ಬೋಟಿಗೆ ವಯಸ್ಸು ಏರುತ್ತದೆ, ಕೊಳ್ಳುವವರ ಕೈಯಲ್ಲಿನ ದುರಸ್ತಿಯ ಹಣ ಇಳಿಯುತ್ತದೆ. ಸಿರಿವಂತ ಮಾಲೀಕನ ಹತ್ತಿರ ಹೊಸ ಬೋಟಿದ್ದು, ಸಾಲ ಮಾಡಿದ ಮಾಜಿ ಕಲಾಸಿಯ ಹತ್ತಿರ ಇಪ್ಪತ್ತು ವರ್ಷದ ಬೋಟಿರುತ್ತದೆ. ಅಪಾಯ ಹೊರಲು ಶಕ್ತಿ ಕಡಿಮೆ ಇರುವವರ ಹೆಗಲಿಗೇ ಅಪಾಯ ಹೆಚ್ಚಿರುವ ಬೋಟು ಬರುವುದು ಈ ಪೇಟೆಯ ದೊಡ್ಡ ಅನ್ಯಾಯ.

ಹಳೆಯದನ್ನು ಕಡಲಿನಿಂದ ತೆಗೆಸುವ ಪ್ರಯತ್ನಗಳೂ ನಡೆದಿವೆ. 2017ರಲ್ಲಿ ತಮಿಳುನಾಡಿನ ಪಾಕ್ ಕೊಲ್ಲಿಯ ಮೀನುಗಾರರಿಗೆ ಟ್ರಾಲ್ ಬೋಟು ಬಿಟ್ಟು ಆಳಸಮುದ್ರದ ಟ್ಯೂನಾ ಬೋಟು ಕೊಳ್ಳಲು ನೆರವು ಘೋಷಿಸಲಾಯಿತು. ಬೋಟೊಂದಕ್ಕೆ 80 ಲಕ್ಷ ರೂಪಾಯಿ, ಅದರಲ್ಲಿ ಶೇ 70 ಕೇಂದ್ರ ಮತ್ತು ರಾಜ್ಯದ ಸಹಾಯಧನ. ಯುರೋಪಿನ ದೇಶಗಳು 1980ರ ದಶಕದಿಂದಲೇ ಹಣ ಕೊಟ್ಟು ಬೋಟುಗಳನ್ನು ಒಡೆಸಿದವು. ಅಲ್ಲಿ ಬೋಟುಗಳ ಸಂಖ್ಯೆ ಇಳಿಯಿತು; ಉಳಿದ ಬೋಟುಗಳು ಇನ್ನಷ್ಟು ಬಲವಾದ ಎಂಜಿನ್, ಉಪಕರಣ ಹಾಕಿಕೊಂಡದ್ದರಿಂದ ಮೀನಿನ ಮೇಲಿನ ಒತ್ತಡ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ ಆಳಸಮುದ್ರ ಬೋಟೊಂದಕ್ಕೆ 1.20 ಕೋಟಿ ರೂಪಾಯಿ ಘಟಕ ವೆಚ್ಚವೆಂದು ಹಿಡಿದು, ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ 60 ಸಹಾಯಧನ ಇಟ್ಟಿತು. ಕರ್ನಾಟಕ ಇದಕ್ಕೆ ಹೊಂದಿಸಿ ಮತ್ಸ್ಯಸಿರಿ ಎಂಬ ಹೆಸರಿನಲ್ಲಿ 100 ಬೋಟುಗಳ ಯೋಜನೆ ಘೋಷಿಸಿತು. ಹೊಸ ಬೋಟಿಗೆ ಕೊಡುವ ಇಂಥ ಹಣದ ಜೊತೆಗೆ ಹಳೇ ಬೋಟು ಎಲ್ಲಿಗೆ ಹೋಯಿತೆಂಬ ಪ್ರಶ್ನೆಯೂ ಕಡ್ಡಾಯವಾಗಿ ಸೇರಬೇಕು.

ಅದಕ್ಕೂ ಮೊದಲು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಆನ್‌ಲೈನ್ ನೋಂದಣಿ ಈಗಾಗಲೇ ಇದೆ. ಬೋಟು ಕೈ ಬದಲಾಗುವ ಪ್ರತಿ ಸಲವೂ ತಳ ಎತ್ತಿಸಿ ನೋಡಿದ ದಿನಾಂಕ, ಉಕ್ಕಿನ ತಗಡಿನ ದಪ್ಪದ ಅಳತೆ, ಎಂಜಿನ್ ಬದಲಿಸಿದ್ದರೆ ಅದರ ವಿವರ, ಆದ ಅಪಘಾತಗಳು ಇಷ್ಟನ್ನು ಆ ದಾಖಲೆಗೆ ಸೇರಿಸುವ ನಿಯಮ ಬರಬೇಕು. ಮುಂದಿನ ಗಿರಾಕಿ ಮುಂಗಡ ಕೊಡುವ ಮೊದಲು ಅದನ್ನು ಓದಬಲ್ಲವನಾಗಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಕೊಚ್ಚಿಯಲ್ಲಿ ಮೀನುಗಾರಿಕಾ ತಂತ್ರಜ್ಞಾನದ ಕೇಂದ್ರೀಯ ಸಂಸ್ಥೆಯಿದೆ. ದಕ್ಕೆಯ ಬಡಗಿ, ವೆಲ್ಡರ್, ಮೆಕ್ಯಾನಿಕ್‌ಗಳಿಗೆ ತರಬೇತಿಯನ್ನೂ ಪ್ರಮಾಣಪತ್ರವನ್ನೂ ಕೊಟ್ಟು ಅವರನ್ನೇ ಸರ್ವೇಯರ್‌ಗಳಾಗಿ ನೇಮಿಸಬಹುದು. ಜೂನ್, ಜುಲೈನಲ್ಲಿ ಬೋಟುಗಳೆಲ್ಲ ದಡದಲ್ಲೇ ಇರುವುದರಿಂದ ತಳ ನೋಡುವ ಈ ಕೆಲಸಕ್ಕೆ ಆ 61 ದಿನಗಳು ಸಾಕಷ್ಟಾಯಿತು; ಓಡಿಸಿ ನೋಡುವುದನ್ನು ಮೇ ತಿಂಗಳೊಳಗೆ ಮುಗಿಸಿದರೆ ಆಯಿತು.